ಬೆಳಗಿನ ಲೋಕಲ್, ಕಿಟ್ ಬ್ಯಾಗು, ಎಂಟನೇ ಕ್ಲಾಸು: ನಿಮ್ಮ ಮನೆಯಲ್ಲಿ ಹೇಗೆ ಸುಧಾರಿಸುತ್ತೀರಿ?

ಡೊಂಬಿವಲಿ ಅಪ್ಪ
16 ನವೆಂಬರ್ 2025, ಭಾನುವಾರ ರಾತ್ರಿ 10.20

ಇವತ್ತು ಮೆಗಾ ಬ್ಲಾಕ್, ಹಳಿ ರಿಪೇರಿಗೆ ಅಂತ ಗಾಡಿ ಕಡಿಮೆ. ದಾದರಿನಿಂದ ಡೊಂಬಿವಲಿಗೆ ಬರಲಿಕ್ಕೆ ಎರಡು ಗಂಟೆ ಹಿಡಿಯಿತು ಮಾರಾಯ್ರೆ. ಠಾಣೆಯಲ್ಲಿ ಒಂದು ಸಲ ಇಳಿದು ಹತ್ತಿ, ಕಿಟ್ ಬ್ಯಾಗನ್ನು ಆ ಹೆಗಲಿಂದ ಈ ಹೆಗಲಿಗೆ ಹಾಕಿ ಮನೆ ಮುಟ್ಟುವಾಗ ಮೂರು ಗಂಟೆ. ಅನ್ನ ತಣಿದಿತ್ತು. ಹೆಂಡತಿ ಬಡಿಸುತ್ತಾ ಒಂದೇ ಮಾತು ಕೇಳಿದಳು, "ಇದು ಎಷ್ಟು ದಿನ?" ನಾನು ಸಾರು ಹಾಕು ಅಂದೆ. ಅದಕ್ಕಿಂತ ಒಳ್ಳೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿರುವುದು.

ಮಗಳಿಗೆ ಹದಿಮೂರು. ಎಂಟನೇ ಕ್ಲಾಸು, ಶಾಲೆ ಮಧ್ಯಾಹ್ನದ ಪಾಳಿ. ಎರಡು ವರ್ಷ ಇಲ್ಲೇ ಮನೆ ಹತ್ತಿರದ ಮೈದಾನದಲ್ಲಿ ಹುಡುಗರ ಜೊತೆ ಕ್ರಿಕೆಟ್ ಕಲಿತಳು. ದಸರಾ ಕಳೆದ ಮೇಲೆ ದಾದರಿನ ಶಿವಾಜಿ ಪಾರ್ಕಿನ ಒಂದು ನೆಟ್ಸಿಗೆ (ಬಲೆ ಕಟ್ಟಿ ಅಭ್ಯಾಸ ಮಾಡಿಸುವ ಕಡೆ) ಸೇರಿಸಿದೆ. ವಾರಕ್ಕೆ ಮೂರು ದಿನ, ಮತ್ತೆ ಭಾನುವಾರ. ಐದು ಗಂಟೆ ಒಳಗಿನ ಲೋಕಲ್ ಹಿಡಿದರೆ ಆರರ ಸುಮಾರಿಗೆ ದಾದರ್. ನೆಟ್ಸ್ ಮುಗಿದ ಮೇಲೆ ನಾನು ಫೋರ್ಟಿನ ಆಫೀಸಿಗೆ, ಅವಳು ಕಲ್ಯಾಣಿನ ಇಬ್ಬರು ಹುಡುಗಿಯರ ಜೊತೆ ಲೇಡೀಸ್ ಡಬ್ಬದಲ್ಲಿ ವಾಪಸ್. ಆ ಹೊತ್ತಿಗೆ ಕಲ್ಯಾಣ್ ಕಡೆ ಹೋಗುವ ಗಾಡಿಯಲ್ಲಿ ಕೂತೇ ಬರಬಹುದು. ಇದನ್ನು ಹೆಂಡತಿಗೆ ನೂರು ಸಲ ಹೇಳಿ ಆಗಿದೆ. ಆದರೆ ಈ ಜೂನ್ 9ರಂದು ದಿವಾ, ಮುಂಬ್ರಾ ನಡುವೆ ಓಡುವ ಗಾಡಿಯಿಂದ ಜನ ಬಿದ್ದು ಸತ್ತದ್ದು ನಮ್ಮದೇ ಲೈನಿನಲ್ಲಿ. ಆ ತಿರುವು ಬಂದಾಗ ನನ್ನ ಬಾಯಿಯೂ ಕಟ್ಟುತ್ತದೆ. ಅವಳಿಗೆ ಎಂತ ಹೇಳುವುದು?

ಇನ್ನೊಂದು ಸಂಗತಿ. ಹೋದ ತಿಂಗಳು ಹೊಸ ಬ್ಯಾಟು ತಂದೆವು. ಹ್ಯಾರೋ ಸೈಜು (ದೊಡ್ಡವರ ಬ್ಯಾಟಿಗಿಂತ ಸ್ವಲ್ಪ ಚಿಕ್ಕದು), ಇಂಗ್ಲಿಷ್ ವಿಲೋ ಮರದ್ದು, 9,500 ರೂಪಾಯಿ. ಅಂಗಡಿಯವ ಅಗಸೆ ಎಣ್ಣೆ ಹಚ್ಚಿ, ಮರದ ಸುತ್ತಿಗೆಯಲ್ಲಿ ಕಡಿಮೆ ಎಂದರೂ ಆರು ಗಂಟೆ ಹೊತ್ತು ಬಡಿಯಬೇಕು ಅಂದ, ಇಲ್ಲದಿದ್ದರೆ ಮೊದಲ ಲೆದರ್ ಬಾಲಿಗೇ ಸೀಳುತ್ತದಂತೆ. ಆಫೀಸಿನಿಂದ ಬಂದು ರಾತ್ರಿ ಬಾಲ್ಕನಿಯಲ್ಲಿ ಕೂತು ಅರ್ಧರ್ಧ ಗಂಟೆ ಬಡಿದೆ. ಮೊದಲು ಮೆತ್ತಗೆ, ಮತ್ತೆ ಸ್ವಲ್ಪ ಗಟ್ಟಿ, ಅಂಚಿಗೆ ಓರೆಯಾಗಿ. ಒಳಗಿಂದ ನಮ್ಮ ಅಮ್ಮ, "ಈ ಹೊತ್ತಿಗೆ ಎಂತ ಅವಲಕ್ಕಿ ಕುಟ್ಟುವುದು?" ಅಂತ ಕೇಳಿದರು. ಮೂರನೇ ರಾತ್ರಿ ಕೆಳಗಿನ ಮನೆಯವರು ಬನಿಯನ್ನಿನಲ್ಲೇ ಮೇಲೆ ಬಂದರು. ಬ್ಯಾಟು ನೋಡಿದರು, ಕೈಯಲ್ಲಿ ತೂಗಿ ನೋಡಿದರು. "ಹನ್ನೊಂದರ ಒಳಗೆ ಮುಗಿಸಿ" ಅಂತ ಹೇಳಿ ಇಳಿದು ಹೋದರು.

ನವೆಂಬರ್ 2ರಂದು ನಮ್ಮ ಹೆಂಗಸರ ತಂಡ ವಿಶ್ವಕಪ್ ಗೆದ್ದ ಮೇಲೆ ನೆಟ್ಸಿನಲ್ಲಿ ಹುಡುಗಿಯರ ಸಂಖ್ಯೆ ನಾಲ್ಕರಿಂದ ಹನ್ನೊಂದಕ್ಕೆ ಏರಿದೆ. ಸಂತೋಷವೇ. ಆದರೆ ಮುಂದಿನ ವರ್ಷ ಒಂಬತ್ತು, ಆಮೇಲೆ ಹತ್ತು. ಸಂಕ್ರಾಂತಿ ಕಳೆದ ಮೇಲೆ ನಿಲ್ಲಿಸೋಣವಾ, ವಾರಕ್ಕೆ ಒಂದು ದಿನ ಮಾಡೋಣವಾ, ಮತ್ತೆ ಡೊಂಬಿವಲಿಯಲ್ಲೇ ಸೇರಿಸೋಣವಾ? ಮಕ್ಕಳನ್ನು ಆಟಕ್ಕೆ ಕಳಿಸುವವರು ಹೇಳಿ.

ಠಾಣೆಯ ಲೆಕ್ಕಿಗ
16 ನವೆಂಬರ್, ರಾತ್ರಿ 10.55

ಬೇಜಾರು ಮಾಡ್ಕೋಬೇಡಿ ಸರ್. ಲೆಕ್ಕ ಬರೆಯೋದು ನನ್ನ ಹೊಟ್ಟೆಪಾಡು, ಲೆಕ್ಕದಲ್ಲೇ ಮಾತಾಡ್ತೀನಿ. ನೆಟ್ಸ್ ಫೀಸು, ಬ್ಯಾಟು, ಪ್ಯಾಡು, ಗ್ಲೌಸು, ಹೆಲ್ಮೆಟ್, ಆರು ತಿಂಗಳಿಗೊಮ್ಮೆ ಬದಲಾಗೋ ಶೂ, ಪಾಸು, ದಾದರಲ್ಲಿ ಇಡ್ಲಿ. ವರ್ಷಕ್ಕೆ ಲಕ್ಷದ ಹತ್ತಿರ ಹೋಗುತ್ತೆ. ಇಡೀ ಮುಂಬೈ, ಠಾಣೆ, ಪಾಲ್ಘರ್ ಸೇರಿಸಿ ಒಂದು ತಂಡಕ್ಕೆ ಹದಿನೈದು ಹುಡುಗಿಯರು. ಬಾಕಿಯವರು ಏನು ಮಾಡ್ತಾರೆ? ಅದೇ ದುಡ್ಡು ಅವಳ ಹೆಸರಲ್ಲಿ ಇಡಿ, ಮನೆ ಹತ್ತಿರ ಬ್ಯಾಡ್ಮಿಂಟನ್ ಆಡಲಿ.

ಇನ್ನೊಂದು. ಕ್ರಿಕೆಟ್ ಹುಚ್ಚು ಮೈದಾನದಲ್ಲಿ ಮುಗಿಯಲ್ಲ. ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದ್ತಾ ಮೊಬೈಲಲ್ಲಿ ಟೀಮ್ ಕಟ್ಟಿ ಕಟ್ಟಿ ಎರಡು ಸೆಮಿಸ್ಟರಿನ ಫೀಸು ಕಳೆದ. ಮನೆಯವರಿಗೆ ಗೊತ್ತಾಗಿದ್ದು ಕಾಲೇಜಿನಿಂದ ಫೋನ್ ಬಂದಾಗ. ಈ ಆಗಸ್ಟಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾನೂನು ಬಂತು, ಟೀಮ್ ಇಂಡಿಯಾ ಜೆರ್ಸಿ ಮೇಲಿದ್ದ ಅಂಥ ಆಪಿನ ಹೆಸರೇ ಹೋಯ್ತು. ನಮ್ಮನೆಗೆ ಒಂದು ವರ್ಷ ತಡವಾಗಿ ಬಂತು ಅಷ್ಟೇ.

ಪಿಂಪ್ರಿ ಅಕ್ಕ
16 ನವೆಂಬರ್, ರಾತ್ರಿ 11.10

ಅಣ್ಣಾರ, ಅಗಸಿ ಎಣ್ಣಿ ಬ್ಯಾಟಿಗೆ ಹಚ್ತಾರಂತ ಇವತ್ತ ಗೊತ್ತಾತ ನೋಡ್ರಿ. ನಮ್ಮ ವಿಜಯಪುರದ ಮಂದಿ ಅಗಸಿ ಚಟ್ನಿ ಮಾಡಿ ರೊಟ್ಟಿ ಕೂಡ ತಿಂತೇವಿ. ಅದಕ್ಕ ನಮ್ಮ ಎಲುಬು ಸೀಳೂದಿಲ್ಲ.

ನನ್ನ ಮಗಳು ಖೋ ಖೋ ಆಡ್ತಾಳ್ರಿ. ಏಳನೇತ್ತ. ಖರ್ಚಂದ್ರ ಒಂದು ಚಡ್ಡಿ, ಒಂದು ಬನಿಯನ್, ಮೊಣಕಾಲಿಗೆ ಹಚ್ಚೂ ಮುಲಾಮ. ಸಂಜಿಕೆ ಐದಕ್ಕ ಸಾಲ್ಯಾಗಿಂದ ಬಂದು ಚೀಲ ಒಗದು ಹೋದ್ರ ಏಳಕ್ಕ ಬರ್ತಾಳ, ಕೆಮ್ಮಣ್ಣ ಬಡದ ಮುಖ. ಕಂಬದ ಹತ್ರ ಜಿಗದು ಔಟ್ ಮಾಡೂದ ಕಲಿಯಾಕ ಹತ್ಯಾಳ. ಮನ್ಯಾಗ ಗ್ಯಾಸ್ ಸಿಲಿಂಡರ್ ಹಿಡಕೊಂಡು ತಿರಗತಾಳ! ಈ ಜನವರಿಯೊಳಗ ದಿಲ್ಲ್ಯಾಗ ಮೊದಲ್ನೇ ಖೋ ಖೋ ವಿಶ್ವಕಪ್ ಆತಲ್ಲ, ಹೆಣ್ಣಮಕ್ಕಳು ನೇಪಾಳಕ್ಕ 78-40 ಸೋಲಿಸಿದ್ರು. ಕ್ಯಾಪ್ಟನ್ ನಮ್ಮ ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ, ತಂಡದಾಗ ನಮ್ಮ ಮೈಸೂರ ಕಡಿ ಹುಡುಗಿ ಚೈತ್ರಾನೂ ಇದ್ಲು. "ನಮ್ಮ" ಅಂತ ಎರಡೂ ಕಡಿ ಬರದೀನಿ, ನಗಬ್ಯಾಡ್ರಿ. ಪುಣೆದಾಗ ಇದ್ದು ಹದಿನೆಂಟು ವರ್ಷ ಆತು.

ಆದ್ರ ಒಂದು ಕೇಳ್ತೇನಿ. ನಿಮ್ಮ ಮನಿಯವ್ರು ಒಮ್ಮೆನಾದ್ರೂ ಆ ಮೈದಾನಕ್ಕ ಬಂದಾರ ಏನು?

ವಾಸ್ಕೋ ಗಾಳಿ
17 ನವೆಂಬರ್, ಬೆಳಿಗ್ಗೆ 7.40

ಗೋವಾದೊಳಗ ಈ ತ್ರಾಸ ಇಲ್ಲ ನೋಡ್ರಿ. ಇಲ್ಲಿ ಹುಡುಗ ನಡಿಯಾಕ ಕಲಿತ ದಿನಾನ ಫುಟ್ಬಾಲ್ ಒದೀತಾನ. ನಾನು ಹಾವೇರಿ ಕಡಿಯಾವ, ಕ್ರಿಕೆಟ್ ಬಿಟ್ಟು ಬ್ಯಾರೆ ಗೊತ್ತಿದ್ದಿಲ್ಲ. ಮಗ ಇಲ್ಲೇ ಹುಟ್ಟಿದ, ಎಫ್‌ಸಿ ಗೋವಾ ಅಂದ್ರ ಪ್ರಾಣ. 2019ರ ಐಎಸ್‌ಎಲ್ (ದೇಶದ ದೊಡ್ಡ ಫುಟ್ಬಾಲ್ ಲೀಗ್) ಫೈನಲ್ ಮುಂಬೈದಾಗ ಆತು. ಬೆಂಗಳೂರು ಎಫ್‌ಸಿ ಹೆಚ್ಚುವರಿ ವೇಳ್ಯಾದಾಗ ಒಂದ ಗೋಲ್ ಹೊಡದು ಗೆದ್ದಿತು, ಹೊಡದಾವ ರಾಹುಲ್ ಭೇಕೆ, ಮುಂಬೈ ಹುಡುಗ. ನಾನು ಹೌದಲೇ ಅಂತ ಚಪ್ಪಾಳಿ ಹೊಡದೆ. ಆವಾಗ ಮಗ ಆರು ವರ್ಷದಾವ. ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಅವತ್ತಿನಿಂದ ಬಾಯಿ ಮುಚ್ಚಿಕೊಂಡು ನೋಡ್ತೀನಿ.

ಈ ಅಕ್ಟೋಬರ್ 22ಕ್ಕ ಇಲ್ಲಿ ಫಾತೋರ್ಡಾ ಸ್ಟೇಡಿಯಮ್ಮಿಗೆ ರೊನಾಲ್ಡೊನ ತಂಡ ಅಲ್ ನಸ್ರ್ ಬಂದಿತ್ತು. ರೊನಾಲ್ಡೊ ಬರ್ತಾನಂತ ಊರೆಲ್ಲಾ ಸುದ್ದಿ. ಅವ ಬರಲಿಲ್ಲ. ನಮ್ಮವರು 2-1 ಸೋತರು. ಆದ್ರೂ ಆ ಒಂದು ಗೋಲು ಹೊಡದಾವ ಇಲ್ಲಿಯ ಹುಡುಗ ಬ್ರೈಸನ್ ಫರ್ನಾಂಡಿಸ್. ರಾತ್ರಿ ಸ್ಕೂಟರ್ ಮ್ಯಾಲ ವಾಸ್ಕೋಕ್ಕ ಬರೂ ಮುಂದ ಮಗ ರೊನಾಲ್ಡೊ ಹೆಸರ ಎತ್ತಲಿಲ್ಲ. ಬ್ರೈಸನ್ ಯಾವ ಕಾಲಿಲೆ ಹೊಡದ ಅನ್ನೂದ ಹಿಂದ ಕುಂತು ಹೇಳಿಕೋತ ಬಂದ.

ಈಗ ನೋಡಿದ್ರ ಐಎಸ್‌ಎಲ್ಲೇ ನಿಂತೈತಿ. ಜುಲೈದಾಗ ತಡೆ ಹಿಡದಾರ, ಒಪ್ಪಂದದ ಜಗಳ. ದೊಡ್ಡವರ ಜಗಳದಾಗ ಆಡೂ ಹುಡುಗೂರ ಗತಿ ಏನು ಅಂತ ಯಾರೂ ಕೇಳವಲ್ಲರು. ಹತ್ತನೇತ್ತೆ ಒಂದ ಚಿಂತಿ ಅಲ್ರಿ ಅಪ್ಪಾರ, ಆಟನಾರೆ ಇರತೈತೋ ಇಲ್ಲೋ ಅಂತ ನಮ್ಮ ಚಿಂತಿ.

ಸ್ಕೋರ್ ಬುಕ್
17 ನವೆಂಬರ್, ಮಧ್ಯಾಹ್ನ 1.15

ಇಪ್ಪತ್ತು ವರ್ಷದಿಂದ ಮೈದಾನಗಳಲ್ಲಿ ಸ್ಕೋರ್ ಬರೆಯುತ್ತಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಡೊಂಬಿವಲಿ ಮುಂಬೈ ಕ್ರಿಕೆಟ್ ಅಸೋಸಿಯೇಷನ್ನಿನ ವ್ಯಾಪ್ತಿಗೇ ಬರುತ್ತದೆ. ಆಯ್ಕೆಗೆ ನಿಲ್ಲಲು ದಾದರಿನಲ್ಲೇ ಕಲಿಯಬೇಕೆಂದಿಲ್ಲ. ಪುಣೆಯವರದು ಮಹಾರಾಷ್ಟ್ರ ಅಸೋಸಿಯೇಷನ್, ಗೋವಾದ್ದು ಬೇರೆ. ಒಂದೇ ರಾಜ್ಯದಲ್ಲಿ ಮುಂಬೈ, ಮಹಾರಾಷ್ಟ್ರ, ವಿದರ್ಭ ಅಂತ ಮೂರು ರಣಜಿ ತಂಡಗಳಿವೆ, ಹೊಸಬರು ಅಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ.

ಕಾಗದ ಪತ್ರ ಈಗಲೇ ಸರಿ ಮಾಡಿಟ್ಟುಕೊಳ್ಳಿ. ಹದಿನೈದರ ಒಳಗಿನ ಹುಡುಗಿಯರಿಗೆ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ, ಟಿಡಬ್ಲ್ಯು3 ಅನ್ನುತ್ತಾರೆ ಅದಕ್ಕೆ. ಹುಡುಗರಿಗೆ ಹದಿನಾರರ ಒಳಗೆ. ನಮ್ಮ ಕಾಲದ ಹಾಗಲ್ಲ. ನನ್ನ ಹುಟ್ಟಿದ ತಾರೀಕು ಜೂನ್ 1. ನನ್ನ ತಮ್ಮನದೂ ಜೂನ್ 1. ಊರಿನ ಶಾಲೆಯಲ್ಲಿ ನಮ್ಮ ಜೊತೆ ಸೇರಿದ ಅರ್ಧ ತರಗತಿಯದೂ ಜೂನ್ 1. ಮೇಷ್ಟ್ರು ಮಗುವಿನ ಎತ್ತರ ನೋಡಿ ವರ್ಷ ಬರೆಯುತ್ತಿದ್ದರು. ಈಗಿನ ಕ್ರಿಕೆಟಿಗೆ ಹೋಗಿದ್ದರೆ ಇಡೀ ಊರನ್ನೇ ಎಕ್ಸ್-ರೇಗೆ ಕಳಿಸುತ್ತಿದ್ದರು.

ಲೆಕ್ಕಿಗರಿಗೆ: ಬಿಸಿಸಿಐ 2022ರ ಅಕ್ಟೋಬರಿನಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ಪಂದ್ಯ ಶುಲ್ಕ ಮಾಡಿತು. ಟೆಸ್ಟಿಗೆ 15 ಲಕ್ಷ, ಒಂದು ದಿನದ ಪಂದ್ಯಕ್ಕೆ 6, ಟಿ20ಗೆ 3. ಅಲ್ಲಿವರೆಗೆ ಮುಟ್ಟುವವರು ಬೆರಳೆಣಿಕೆ, ಒಪ್ಪುತ್ತೇನೆ. ಆದರೆ ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತದ ಮೊದಲ ಮಹಿಳಾ ಟೆಸ್ಟ್ ತಂಡದ ಕ್ಯಾಪ್ಟನ್ ಆದಾಗ ರಿಸರ್ವೇಷನ್ ಇಲ್ಲದ ಡಬ್ಬದಲ್ಲಿ ಓಡಾಡಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಅವರ ಮನೆಯಲ್ಲಿ ಯಾರಾದರೂ ಲೆಕ್ಕ ಹಾಕಿದ್ದರೆ ಮೊದಲ ಸ್ಟೇಷನ್ನಿನಲ್ಲೇ ಇಳಿಸುತ್ತಿದ್ದರು.

ಮತ್ತೆ ಅಮೋಲ್ ಮುಜುಂದಾರ್. 1988ರ ಫೆಬ್ರವರಿ, ಆಜಾದ್ ಮೈದಾನ, ಶಾಲೆಗಳ ಹ್ಯಾರಿಸ್ ಶೀಲ್ಡ್ ಪಂದ್ಯ. ಸಚಿನ್, ಕಾಂಬ್ಳಿ ಇಬ್ಬರೂ ಔಟಾಗದೆ 664 ಕೂಡಿಸುವಾಗ ಮುಂದಿನ ಬ್ಯಾಟರ್ ಈತ. ಪ್ಯಾಡ್ ಕಟ್ಟಿ ಕಾದದ್ದೇ ಬಂತು. ಭಾರತಕ್ಕೆ ಒಂದೂ ಪಂದ್ಯ ಆಡಲು ಸಿಗಲಿಲ್ಲ. ಮೊನ್ನೆ ವಿಶ್ವಕಪ್ ಗೆದ್ದ ಹುಡುಗಿಯರ ಕೋಚ್ ಅವರೇ.

ಠಾಣೆಯ ಲೆಕ್ಕಿಗ
17 ನವೆಂಬರ್, ಮಧ್ಯಾಹ್ನ 1.50

ಆ ಪ್ಯಾಡಿನ ಕತೇನ ಎಲ್ಲ ಕೋಚಿಂಗಿನವರೂ ಹೇಳ್ತಾರೆ ಸರ್. ಸರಿಯಾಗಿ ಫೀಸ್ ಕಟ್ಟೋ ವಾರ.

ಸ್ಕೋರ್ ಬುಕ್
17 ನವೆಂಬರ್, ಮಧ್ಯಾಹ್ನ 2.05

ನಿಜ. ನನ್ನ ಮಗನ ಕೋಚೂ ಹೇಳಿದ್ದ. ನಾನೂ ಕಟ್ಟಿದ್ದೆ.

ಡೊಂಬಿವಲಿ ಅಪ್ಪ
17 ನವೆಂಬರ್, ರಾತ್ರಿ 9.30

ಎಲ್ಲರಿಗೂ ಉಪಕಾರ ಆಯ್ತು. ಅಕ್ಕ, ಹೆಂಡತಿ ಮೈದಾನಕ್ಕೆ ಬಂದಿಲ್ಲ. ನಾನು ಕರೆಯಲೂ ಇಲ್ಲ. ನೀವು ಕೇಳುವ ತನಕ ಅದು ತಲೆಗೇ ಹೋಗಿರಲಿಲ್ಲ.

ಲೆಕ್ಕಿಗರೇ, ನಿಮ್ಮ ಲೆಕ್ಕ ಸರಿ ಉಂಟು. ನನ್ನ ಹತ್ತಿರ ಇರುವುದು ಬೇರೆ ಒಂದು ಲೆಕ್ಕ, ಅದನ್ನು ಹೆಂಡತಿಗೂ ಹೇಳಿಲ್ಲ. ಮನೆಯಲ್ಲಿ ಮಗಳು ಫೋನಿನಲ್ಲೇ ಇರುತ್ತಾಳೆ. ಅಜ್ಜಿ ಹತ್ತಿರ ತುಳು, ಗೆಳತಿಯರ ಹತ್ತಿರ ಹಿಂದಿ ಇಂಗ್ಲಿಷ್ ಕಲಸಿ ಎಂತದೋ ಒಂದು, ಮೈದಾನದಲ್ಲಿ ಮರಾಠಿ. "ಪಾಯ್ ಹಲವ್, ಪಾಯ್" ಅಂತ ಕೋಚ್ ಕೂಗಿದರೆ ಕಾಲು ತಾನಾಗಿ ಮುಂದೆ ಹೋಗುತ್ತದೆ. ನಾನು ಕನ್ನಡದಲ್ಲಿ "ಕಾಲು ಮುಂದೆ ಹಾಕು" ಅಂದರೆ "ಪಪ್ಪ, ನೀವು ಸುಮ್ನಿರಿ". ಬೆಳಗಿನ ಆ ಒಂದು ಗಂಟೆ ಮಾತ್ರ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡುತ್ತಾಳೆ. ಠಾಣೆ ತನಕ ನಿದ್ದೆ, ಆಮೇಲೆ ಮಾತು. ಮುಲುಂಡ್, ಭಾಂಡುಪ್ ಬರುವ ಹೊತ್ತಿಗೆ ಅವಳ ಶಾಲೆಯ ಇಡೀ ರಾಜಕೀಯ ನನಗೆ ಗೊತ್ತಾಗಿರುತ್ತದೆ. ದಾದರಿನಲ್ಲಿ ಇಳಿದು, ಪಾರಿವಾಳಕ್ಕೆ ಕಾಳು ಹಾಕುವ ಕಬೂತರ್‌ಖಾನಾ ದಾಟುವಾಗ ಮೂಗು ಮುಚ್ಚಿಕೊಂಡೇ ಮುಂದುವರಿಸುತ್ತಾಳೆ. ಆಗಸ್ಟಿನಲ್ಲಿ ಆ ಪಾರಿವಾಳದ ಗಲಾಟೆ ಆಯಿತಲ್ಲ, ತಾಡಪಾಲು ಹಾಕಿದ್ದು, ಕಿತ್ತದ್ದು. ಅದರ ಬಗ್ಗೆಯೂ ಅವಳಿಗೆ ಅಭಿಪ್ರಾಯ ಉಂಟು. ಪಾರಿವಾಳದ ಪರ ಅಲ್ಲ.

ಈ ಮಾತುಕತೆ ಯಾವ ಖಾತೆಗೆ ಬರೆಯುವುದು ಅಂತ ನೀವೇ ಹೇಳಿ.

ಠಾಣೆಯ ಲೆಕ್ಕಿಗ
17 ನವೆಂಬರ್, ರಾತ್ರಿ 9.48

ಇತರೆ ಖರ್ಚು. (ತಮಾಷೆ ಸರ್. ನನ್ನ ಮಗ ನನ್ನ ಹತ್ತಿರ ವೈಫೈ ಪಾಸ್‌ವರ್ಡ್ ಬಿಟ್ಟು ಬೇರೇನೂ ಕೇಳಿ ಆರು ತಿಂಗಳಾಯ್ತು.)

ಪಿಂಪ್ರಿ ಅಕ್ಕ
17 ನವೆಂಬರ್, ರಾತ್ರಿ 10.05

ಭಾಷಾ ಅಂದ ಕೂಡ್ಲೆ ನೆನಪಾತ ನೋಡ್ರಿ. ಏಪ್ರಿಲ್‌ದಾಗ ಒಂದನೇತ್ತೆಯಿಂದ ಹಿಂದಿ ಕಡ್ಡಾಯ ಅಂತ ಆದೇಶ ಬಂತು. ಜೂನ್ 29ಕ್ಕ ಹಿಂದಕ್ಕ ತಗೊಂಡ್ರು. ಆ ಎರಡೂವರಿ ತಿಂಗಳು ನಮ್ಮ ಸೊಸೈಟಿ ಗ್ರೂಪಿನ್ಯಾಗ ಬೆಂಕಿ. ನಾನು ಒಂದ ಮಾತು ಬರದೆ, ನಮ್ಮ ಕೂಸುಗಳು ಮೊದಲ ನಾಕ ಭಾಷಾ ಹೊತ್ತಾವು, ಐದನೇದ್ದು ಯಾವಾಗರೆ ಕಲೀಲಿ ಬಿಡ್ರಿ ಅಂತ. ಮರಾಠಿಯವ್ರು ಹಾರ್ಟ್ ಒತ್ತಿದ್ರು. ಫೆಬ್ರವರಿಯೊಳಗ ಬೆಳಗಾವ್ಯಾಗ ಭಾಷಾದ ಗಲಾಟಿ ಆಗಿ ಎರಡೂ ರಾಜ್ಯದ ನಡುವಿನ ಬಸ್ಸು ನಿಂತಾಗ ಮಾತ್ರ ಅದ ಮಂದಿ ನನಗ "ತುಮ್ಚೆ ಲೋಕ" (ನಿಮ್ಮ ಮಂದಿ) ಅಂದ್ರು. ಅಣ್ಣನ ಮಗನ ಜವಳಕ್ಕ ಹೊಂಟಿದ್ದೆ, ಸೊಲ್ಲಾಪುರದಾಗ ಇಳದು ರೈಲು ಹಿಡಕೊಂಡು

ಗಡಿ ಬೇಡ
17 ನವೆಂಬರ್, ರಾತ್ರಿ 10.20

ಬೆಳಗಾವಿ ವಿಷಯದಲ್ಲಿ ತಪ್ಪು ಯಾರದ್ದು ಅಂತ ಮೊದಲು ಹೇಳಿ, ಆಮೇಲೆ ಜವಳದ ಕತೆ. ಅಲ್ಲಿ ಕಂಡಕ್ಟರಿಗೆ

ನಿರ್ವಾಹಕ
17 ನವೆಂಬರ್, ರಾತ್ರಿ 10.31

ಮೇಲಿನ ಎರಡು ಬರಹಗಳಲ್ಲಿ ಸ್ವಲ್ಪ ಭಾಗ, ಅದರ ಕೆಳಗಿನ ಹದಿನಾಲ್ಕು ಉತ್ತರ ಪೂರ್ತಿ ತೆಗೆದಿದ್ದೇನೆ. ಗಡಿ ವಿಷಯಕ್ಕೆ ಬೇರೆ ಎಳೆ ಇದೆ, ಅಲ್ಲಿ ಮಾರ್ಚಿನಿಂದ ಜಗಳ ನಡೆದೇ ಇದೆ, ಯಾರೂ ತಡೆಯುತ್ತಿಲ್ಲ. ಇಲ್ಲಿ ಹುಡುಗಿಯ ಕ್ರಿಕೆಟ್ ಮಾತ್ರ. ಅಕ್ಕ, ಕ್ಷಮಿಸಿ, ನಿಮ್ಮ ಜವಳವೂ ಕತ್ತರಿಗೆ ಸಿಕ್ಕಿತು.

ಪಿಂಪ್ರಿ ಅಕ್ಕ
17 ನವೆಂಬರ್, ರಾತ್ರಿ 10.36

ಜವಳದಾಗ ಕತ್ತರಿ ಬೇಕ ಬೇಕಲ್ರಿ.

ಮಾಟುಂಗದ ಹಳಬ
18 ನವೆಂಬರ್, ಬೆಳಿಗ್ಗೆ 5.15

ನಿದ್ದೆ ಬೇಗ ಬಿಡುತ್ತದೆ, ಎಲ್ಲ ಓದಿದೆ. ನಾನು 1968ರಲ್ಲಿ ಕುಂದಾಪುರ ಕಡೆಯಿಂದ ಬಸ್ಸಿನಲ್ಲಿ ಬಂದವ. ಕೊಂಕಣ ರೈಲು ಆಗ ಕನಸಿನಲ್ಲೂ ಇರಲಿಲ್ಲ. ಮಾಟುಂಗದ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರು. ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ. ಮಧ್ಯಾಹ್ನ ಎರಡು ಗಂಟೆ ಬಿಡುವು ಸಿಕ್ಕಿದರೆ ದಡ್ಕರ್ ಮೈದಾನದ ಬೇಲಿ ಹತ್ತಿರ ನಿಂತು ಆಟ ನೋಡುವುದು. ಮಳೆಗಾಲದಲ್ಲಿ ಆಡುವ ಕಾಂಗಾ ಲೀಗಿನ ದಿನಗಳಲ್ಲಿ ಮಳೆ, ಕೆಸರು. ಬಾಲು ಎಲ್ಲಿ ಬಿದ್ದರೆ ಎಲ್ಲಿಗೆ ಹೋಗುತ್ತದೆ ಅಂತ ದೇವರಿಗೂ ಗೊತ್ತಿರಲಿಲ್ಲ.

1974ರ ಮಾರ್ಚ್ ಹೇಳುತ್ತೇನೆ. ಬೆಂಗಳೂರಿನಲ್ಲಿ ರಣಜಿ ಸೆಮಿಫೈನಲ್, ಬಾಂಬೆ ಮತ್ತು ಕರ್ನಾಟಕ. ಬಾಂಬೆ ಅದಕ್ಕೆ ಹಿಂದೆ ಹದಿನೈದು ವರ್ಷ ಬಿಡದೆ ಗೆದ್ದ ತಂಡ. ವಿಶ್ವನಾಥ್, ಬ್ರಿಜೇಶ್ ಪಟೇಲ್ ಇಬ್ಬರದೂ ಶತಕ. ನಮ್ಮ ಹೋಟೆಲಿಗೆ ಟ್ರಾನ್ಸಿಸ್ಟರ್ ಹಿಡಿದು ಬರುವ ಗಿರಾಕಿ ಒಬ್ಬರಿದ್ದರು. ಅಜಿತ್ ವಾಡೇಕರ್ ಕಾಲು ಜಾರಿ ರನ್ ಔಟ್ ಆದ ಸುದ್ದಿ ಬಂದಾಗ ಇಡೀ ಹೋಟೆಲು ತೆಪ್ಪಗಾಯಿತು. ಗಲ್ಲೆಯಲ್ಲಿ ಕೂತ ಧಣಿ ನಮ್ಮ ಊರಿನವರೇ. ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರೂ ನಗಲಿಲ್ಲ. ನಾನು ಅಡುಗೆ ಮನೆಗೆ ಹೋಗಿ, ಹಿಟ್ಟಿನ ಡಬ್ಬದ ಹಿಂದೆ ನಿಂತು ನಕ್ಕೆ. ರಾತ್ರಿ ಧಣಿ ಎಲ್ಲ ಹುಡುಗರಿಗೂ ಒಂದೊಂದು ಲೋಟ ಪಾಯಸ ಕೊಡಿಸಿದರು. ಯಾಕೆ ಅಂತ ಹೇಳಲಿಲ್ಲ.

2010ರ ಜನವರಿಯಲ್ಲಿ ಮೈಸೂರಿನಲ್ಲಿ ಫೈನಲ್, ಮನೀಶ್ ಪಾಂಡೆ 144 ಹೊಡೆದೂ ಕರ್ನಾಟಕ ಆರು ರನ್ನಿಗೆ ಸೋತಿತು. ನನ್ನ ಮಗ ಟಿವಿ ಮುಂದೆ ಕುಣಿದ. ಅವನು ಇಲ್ಲಿಯವ, ಕುಣಿಯಲಿ. ನಾನು ಒಳಗೆ ಹೋಗಿ ಮಲಗಿದೆ.

ಅದೇ ಮಗನನ್ನು ಹತ್ತನೇ ತರಗತಿಗೆ ಬಂದಾಗ ಆಟ ಬಿಡಿಸಿದ್ದು ನಾನೇ. ಎಡಗೈ ಸ್ಪಿನ್ ಹಾಕುತ್ತಿದ್ದ. ಈಗ ಅವನಿಗೆ 46, ಒಳ್ಳೆ ಕೆಲಸ. ಒಂದು ದಿನ ಕೇಳಿದೆ. "ಇಲ್ಲಪ್ಪ, ನನಗೇ ಸಾಕಾಗಿತ್ತು" ಅಂದ. ನಿಜ ಹೇಳಿದನೋ, ನನ್ನ ವಯಸ್ಸು ನೋಡಿ ಹೇಳಿದನೋ, ಈವತ್ತಿಗೂ ತಿಳಿಯಲಿಲ್ಲ.

ನೆರೂಲ್ ನಿವಾಸಿ
18 ನವೆಂಬರ್, ಬೆಳಿಗ್ಗೆ 11.25

ಅಜ್ಜಾ, ಆ ಪಾಯಸ! ಓದಿ ಆಫೀಸಲ್ಲಿ ಒಬ್ಬಳೇ ನಕ್ಕೆ.

ನಾವು ನವೆಂಬರ್ 2ರ ಫೈನಲ್‌ಗೆ ಹೋಗಿದ್ವಿ. ಡಿ.ವೈ. ಪಾಟೀಲ್ ಸ್ಟೇಡಿಯಂ ನಮ್ಮನೆಯಿಂದ ನಡೆಯೋ ದೂರ. ಆದರೂ ಹೋಗೋದೇ ಬೇಡ ಅಂತ ನಾನು ಹಟ ಹಿಡಿದಿದ್ದೆ. ಕಾರಣ ಜೂನ್ 4. ಆರ್‌ಸಿಬಿ ಹದಿನೆಂಟು ವರ್ಷಕ್ಕೆ ಕಪ್ ಗೆದ್ದ ಮಾರನೇ ದಿನ ನನ್ನ ತಮ್ಮನ ಮಗ ಚಿನ್ನಸ್ವಾಮಿ ಹತ್ತಿರ ಹೋಗಿದ್ದ. ಎರಡು ಗಂಟೆ ಫೋನ್ ಸಿಗಲಿಲ್ಲ. ಟಿವಿಯಲ್ಲಿ ನೂಕುನುಗ್ಗಲಲ್ಲಿ ಸತ್ತವರ ಸಂಖ್ಯೆ ಒಂದೊಂದಾಗಿ ಏರ್ತಾ 11ಕ್ಕೆ ನಿಂತಿತು. ಅವನು ಕಬ್ಬನ್ ಪಾರ್ಕಿನ ಒಳಗೆ ಕೂತಿದ್ದ, ಬ್ಯಾಟರಿ ಮುಗಿದಿತ್ತು ಅಷ್ಟೇ. ಮನೆಗೆ ಬಂದವನನ್ನ ನನ್ನ ತಮ್ಮ ಹೊಡೆದ, ಆಮೇಲೆ ತಬ್ಕೊಂಡು ಅತ್ತ. ಅವತ್ತಿನಿಂದ ಗುಂಪು ಅಂದರೆ ನನ್ನ ಅಂಗೈ ಬೆವರುತ್ತೆ. ಹಿಂದಿನ ವರ್ಷ ಜುಲೈ 4ಕ್ಕೆ, ಟಿ20 ವಿಶ್ವಕಪ್ ಗೆದ್ದು ಬಂದವರ ಮರೀನ್ ಡ್ರೈವ್ ಮೆರವಣಿಗೆಯಲ್ಲೂ ಆ ನೂಕುನುಗ್ಗಲು ನೋಡಿದ್ವಲ್ಲ, ಮುಗಿದ ಮೇಲೆ ರಸ್ತೆ ತುಂಬ ಚಪ್ಪಲಿ. ಇಲ್ಲಿ ಅದೃಷ್ಟ, ಅಲ್ಲಿ ಇಲ್ಲ.

ಕೊನೆಗೆ ಮಗ ಗೆದ್ದ. ಹೌದು, ಮಗಳಲ್ಲ, ಹನ್ನೊಂದು ವರ್ಷದ ಮಗ. ಅವನಿಗೆ ಶಫಾಲಿ ವರ್ಮಾ ಹುಚ್ಚು. ಗಾಯವಾದವರ ಬದಲಿಗೆ ತಂಡಕ್ಕೆ ಬಂದವಳು ಫೈನಲ್ಲಿನಲ್ಲಿ 87 ಹೊಡೆದಳು. ಮಳೆ ಬಂದು ಆಟ ಎರಡು ಗಂಟೆ ತಡ. ಹೊಟ್ಟೆ ಹಸಿದು ವಡಾ ಪಾವ್ ಸಾಲಿನಲ್ಲಿ ನಿಂತಿದ್ದಾಗ ಒಂದು ವಿಕೆಟ್ ತಪ್ಪಿಸಿಕೊಂಡೆ, ಮಗ ಇನ್ನೂ ಕ್ಷಮಿಸಿಲ್ಲ. ಹತ್ತಿರ ಹತ್ತಿರ ಮಧ್ಯರಾತ್ರಿ. ದೀಪ್ತಿ ಹಾಕಿದ ಬಾಲು, ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿ ಹಿಡಿದ ಕ್ಯಾಚು, 52 ರನ್ನಿನ ಗೆಲುವು. ನನ್ನ ಪಕ್ಕ ಕೂತಿದ್ದ ಅರವತ್ತು ದಾಟಿದ ಹೆಂಗಸು, ಗುರುತು ಪರಿಚಯ ಇಲ್ಲ, ನನ್ನ ಕೈ ಹಿಡಿದವರು ಐದು ನಿಮಿಷ ಬಿಡಲೇ ಇಲ್ಲ. ಬಿಟ್ಟಾಗ ನೋಡಿದರೆ ಬೆರಳಲ್ಲಿ ಅವರ ಉಂಗುರದ ಗುರುತು.

ಹೊರಗೆ ಬರುವಾಗ ಪೊಲೀಸರು ಸ್ವಲ್ಪ ಸ್ವಲ್ಪವೇ ಜನರನ್ನ ಬಿಡ್ತಿದ್ರು. ತಡ ಆಯ್ತು ಅಂತ ಯಾರೋ ಬೈದರು. ನನಗೆ ಮಾತ್ರ ಅವರಿಗೆ ಒಂದು ಚಹಾ ಕೊಡಿಸಬೇಕು ಅನ್ನಿಸ್ತು.

ಡೊಂಬಿವಲಿ ಅಪ್ಪಾಜಿಯವರಿಗೆ: ನನ್ನ ದೊಡ್ಡ ಮಗನಿಗೆ ಪ್ಯಾಡು, ಗ್ಲೌಸು ಚಿಕ್ಕದಾಗಿವೆ. ಚಿಕ್ಕವನು ಆಡೋದು ಟೆನಿಸ್ ಬಾಲ್ ಮಾತ್ರ. ನಿಮ್ಮ ಮಗಳು ಮುಂದುವರಿಸೋದಾದರೆ ತಗೊಂಡು ಹೋಗಿ. ದುಡ್ಡು ಬೇಡ.

ಡೊಂಬಿವಲಿ ಅಪ್ಪ
23 ನವೆಂಬರ್, ಭಾನುವಾರ ಸಂಜೆ 6.45

ಇದೊಂದು ಕೇಳಿ. ಶುಕ್ರವಾರದಿಂದ ನನಗೆ ಜ್ವರ, ಮೈ ಕೈ ನೋವು. ಭಾನುವಾರದ ನೆಟ್ಸ್ ಇವತ್ತು ತಪ್ಪಲಿ ಅಂದೆ. ಮಗಳು ಮುಖ ಊದಿಸಿ ಕೂತಳು. ಹೆಂಡತಿ ನಾಲ್ಕಕ್ಕೆ ಎದ್ದು ಚಹಾ ಇಟ್ಟಳು, ಚೂಡಿದಾರ್ ಹಾಕಿಕೊಂಡಳು, ಕಿಟ್ ಬ್ಯಾಗ್ ಎತ್ತಿ ನೋಡಿ "ಇಷ್ಟು ಭಾರ ಹೊರಿಸುತ್ತೀರಾ ಮಗುವಿಗೆ?" ಅಂತ ನನ್ನನ್ನೇ ಬೈದು, ಇಬ್ಬರೂ ಹೊರಟರು. ನಾನು ಹಾಸಿಗೆಯಲ್ಲಿ ಗಾಡಿಯ ಸದ್ದು ಕೇಳುತ್ತಾ ಬಿದ್ದುಕೊಂಡೆ.

ಮಧ್ಯಾಹ್ನ ಎರಡೂವರೆಗೆ ಬಂದರು. ಈಗ ಮನೆಯಲ್ಲಿ ಗಂಜಿ ಬಡಿಸುವಾಗಿನಿಂದ ಒಂದೇ ಮಾತು. "ಹುಡುಗರಿಗೆ ಇಪ್ಪತ್ತು ಇಪ್ಪತ್ತು ಬಾಲು, ಹುಡುಗಿಯರಿಗೆ ಹನ್ನೆರಡು. ನಾನು ಕಟ್ಟೆ ಮೇಲೆ ಕೂತು ಎಣಿಸಿದ್ದೇನೆ. ಇವಳಿಗೆ ಒಂದು ಸಲ ಹನ್ನೊಂದೇ. ಫೀಸ್ ಅರ್ಧ ತೆಗೆದುಕೊಳ್ಳುತ್ತಾರಾ? ನೀವು ಇಷ್ಟು ದಿನ ಅಲ್ಲಿ ಕೂತು ಎಂತ ಮಾಡುತ್ತಿದ್ದಿರಿ?"

ನಾನು ಪೇಪರ್ ಓದುತ್ತಿದ್ದೆ. ಹೇಳಲಿಲ್ಲ.

ಕಟ್ಟೆಯಲ್ಲಿ ಕೂತ ಬೇರೆ ತಾಯಂದಿರ ನಂಬರ್ ಎಲ್ಲ ತಂದಿದ್ದಾಳೆ. ಗ್ರೂಪ್ ಆಗಿದೆ, ಅವಳೇ ಅಡ್ಮಿನ್. ಮುಂದಿನ ಭಾನುವಾರ ಕೋಚಿನ ಹತ್ತಿರ ಮಾತಾಡಲಿಕ್ಕೆ ಐದು ಜನ ಹೋಗುವವರಿದ್ದಾರಂತೆ, ಅದರಲ್ಲಿ ನಾನಿಲ್ಲ. ವಾರದ ದಿನ ವಾಪಸ್ ಬರುವಾಗ ಕಲ್ಯಾಣಿನ ಒಬ್ಬರು ತಾಯಿ ಮೂವರೂ ಹುಡುಗಿಯರ ಜೊತೆ ಇರುತ್ತಾರೆ ಅಂತ ಗೊತ್ತುಮಾಡಿಕೊಂಡು ಬಂದಿದ್ದಾಳೆ. ಎರಡು ತಿಂಗಳಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ.

ಸಂಕ್ರಾಂತಿಯ ಮಾತು ಯಾರೂ ಎತ್ತಲಿಲ್ಲ. ಪಾಸು ನಾಡಿದ್ದು ಮುಗಿಯುತ್ತದೆ. ಈ ಸಲ ಮೂರು ತಿಂಗಳಿನದ್ದು ಮಾಡಿಸಿ ಅಂದಳು.

ಪಿಂಪ್ರಿ ಅಕ್ಕ
23 ನವೆಂಬರ್, ಸಂಜೆ 7.02

ನಾ ಏನ ಹೇಳಿದ್ದೆ!! ಇನ್ನ ಮುಂದ ನೀವು ಮನ್ಯಾಗ ಕುಂತು ಅಗಸಿ ಎಣ್ಣಿ ಹಚ್ಚೂದಷ್ಟ ನೋಡಕೋರಿ ಅಣ್ಣಾರ.

ಠಾಣೆಯ ಲೆಕ್ಕಿಗ
23 ನವೆಂಬರ್, ಸಂಜೆ 7.15

ಬಾಲು ಎಣಿಸಿದವರಿಗೆ ನನ್ನ ನಮಸ್ಕಾರ ತಿಳಿಸಿ. ನಮ್ಮ ಆಫೀಸಲ್ಲಿ ಆಡಿಟ್‌ಗೆ ಜನ ಬೇಕಾಗಿದ್ದಾರೆ.

ನೆರೂಲ್ ನಿವಾಸಿ
23 ನವೆಂಬರ್, ರಾತ್ರಿ 8.10

ಹಾಗಾದರೆ ಪ್ಯಾಡ್ ತಗೊಳ್ತೀರಿ ತಾನೆ? ಬುಧವಾರ ಸಂಜೆ ಏಳಕ್ಕೆ ಕುರ್ಲಾದಲ್ಲಿ ಸಿಗ್ತೀನಿ, ಹಾರ್ಬರ್ ಲೈನಿನ ಮೆಟ್ಟಿಲ ಹತ್ತಿರ. ಎಡಗಾಲಿನ ಪ್ಯಾಡಿನ ಕೆಳಗಿನ ಪಟ್ಟಿ ಸಡಿಲ, ಚಪ್ಪಲಿ ಹೊಲಿಯೋರ ಹತ್ತಿರ ಎರಡು ಹೊಲಿಗೆ ಹಾಕಿಸಿದರೆ ಸಾಕು. ಗ್ಲೌಸ್ ಬಲಗೈ ಬ್ಯಾಟಿಂಗಿನದ್ದು. ಅವಳು ಯಾವ ಕೈ?

ಡೊಂಬಿವಲಿ ಅಪ್ಪ
23 ನವೆಂಬರ್, ರಾತ್ರಿ 8.14

ಬಲಗೈ. ಬುಧವಾರ ಬರುವುದು ನಾನಲ್ಲ, ಅವಳ ಅಮ್ಮ. ಪಟ್ಟಿ ಅಲ್ಲೇ ಎಳೆದು ನೋಡುತ್ತಾಳೆ, ಬೇಜಾರು ಮಾಡಬೇಡಿ.